ಮೂರನೆಯ ಮನೆಯ ಮಾಜಿ ಮಂತ್ರಿ

ಕೈ ಕುಲುಕುವಾಗ ಅವರ ಬಲಗೈ ನಮ್ಮ ಕೈ ಹಿಡಿದರೆ ಎಡಗೈ ಮೆಲ್ಲಗೆ ಬಂದು ನಮ್ಮ ಮೊಣಕೈಗೆ ಆತುಕೊಳ್ಳುತ್ತಿತ್ತು. ದಪ್ಪ ಬೆರಳುಗಳು, ಸದಾ ಬೆಚ್ಚಗಿರುವ ಅಂಗೈ. ನಾವು ಹೆಸರು ಹೇಳಿ ಮುಗಿಸುವವರೆಗೂ ಅವರ ಕಣ್ಣು ಅತ್ತಿತ್ತ ಸರಿಯುತ್ತಿರಲಿಲ್ಲ. ಅಮೆರಿಕದ ಪ್ಲೆಸೆಂಟನ್ ಪಕ್ಕದ ನಮ್ಮ ಸಣ್ಣ ಊರಿನ ಪಾರ್ಕಿನಲ್ಲಿ ಮೊದಲ ಸಲ ಅವರು ನನ್ನ ಕೈ ಹಿಡಿದಾಗಲೇ, ಇವರು ಮನೆಮನೆಗೆ ಹೋಗಿ ಮತ ಕೇಳಿದವರು ಎಂದು ನನಗೆ ಗೊತ್ತಾಗಿಹೋಯಿತು.

ಗೊತ್ತಾಗಲು ಕಾರಣವಿತ್ತು. ನಾನೂ ಅದೇ ಕಸುಬಿನವಳು. ಹುಬ್ಬಳ್ಳಿಯ ಒಂದು ವಾರ್ಡಿಗೆ ಒಂದು ಅವಧಿ ಕಾರ್ಪೊರೇಟರ್ ಆಗಿದ್ದೆ. ನಳದ ನೀರು, ಗಟಾರ, ಬೀದಿದೀಪ, ಇಷ್ಟೇ ನನ್ನ ರಾಜಕೀಯ. ಮುಂದಿನ ಸಲ ಪಕ್ಷದವರು ನನ್ನ ಟಿಕೆಟ್ಟನ್ನು ಒಬ್ಬ ಕಂಟ್ರಾಕ್ಟರನ ಹೆಂಡತಿಗೆ ಕೊಟ್ಟರು. ಯಜಮಾನರು ತೀರಿಕೊಂಡ ಮೇಲೆ ಮಗಳ ಹತ್ತಿರ ಬಂದವಳು ಇಲ್ಲೇ ಉಳಿದೆ. ಇಲ್ಲಿ ಮಗಳು ತನ್ನ ಸ್ನೇಹಿತರಿಗೆ ನನ್ನನ್ನು ಪರಿಚಯಿಸುವಾಗ, "ಅಮ್ಮ ಊರಲ್ಲಿ ಸ್ವಲ್ಪ ಸೋಶಿಯಲ್ ವರ್ಕು ಮಾಡ್ತಿದ್ರು" ಎನ್ನುತ್ತಿದ್ದಳು. ಸ್ವಲ್ಪ!

ಅವರು ನಮ್ಮಿಂದ ಮೂರನೆಯ ಮನೆಯಲ್ಲಿದ್ದ ಪೋರ್ಚುಗೀಸ್ ಡಾಕ್ಟರಮ್ಮನ ತಂದೆ. ನನ್ನಂತೆಯೇ ಮಗಳ ಮನೆಗೆ ಬಂದು ನಿಂತವರು, ನನ್ನಂತೆಯೇ ಕಾರು ಓಡಿಸದವರು. ಇಬ್ಬರದೂ ಮುರುಕು ಇಂಗ್ಲಿಷು. ಆದರೂ ಮಾತು ಬೇಗ ಕೂಡಿತು, ಏಕೆಂದರೆ ನಾನು ಬಟಾಟೆ ಎಂದರೆ ಅವರಿಗೆ ತಿಳಿಯುತ್ತಿತ್ತು, ಚಾವಿ ಎಂದರೂ ತಿಳಿಯುತ್ತಿತ್ತು; ಅವು ಅವರ ಭಾಷೆಯಿಂದಲೇ ಬಂದ ಮಾತುಗಳಂತೆ. ಪಗಾರ ಎಂಬ ಮಾತು ಕೇಳಿದ ದಿನವಂತೂ ಬೆಂಚಿನ ಮೇಲೆ ತೊಡೆ ತಟ್ಟಿಕೊಂಡು ನಕ್ಕರು. "ನಮ್ಮವರು ನಿಮ್ಮ ಕಡೆ ಹೋಗಿ ಇದೊಂದು ಒಳ್ಳೆಯ ಮಾತನ್ನಾದರೂ ಬಿಟ್ಟುಬಂದರಲ್ಲ!"

ಅವರ ಕಥೆಯನ್ನು ನಾನೇ ಕೆದಕಿ ಕೆದಕಿ ತೆಗೆದೆ. ಉತ್ತರ ಪೋರ್ಚುಗಲ್ಲಿನ ಒಂದು ಬಂದರು ಊರಿನಲ್ಲಿ ಭೂಗೋಳದ ಮೇಷ್ಟರಾಗಿದ್ದರು. ದೇಶದಲ್ಲಿ ಸರ್ವಾಧಿಕಾರ ಹೋಗಿ ಚುನಾವಣೆ ಬಂದಾಗ ನಗರಸಭೆಗೆ ನಿಂತು ಗೆದ್ದರು. ಅವರಿಗೆ ಒಪ್ಪಿಸಿದ್ದು ನೀರು ಮತ್ತು ಚರಂಡಿ. ಅಲ್ಲಿಯವರೆಗೆ ಅವರ ಕಥೆಯೂ ನನ್ನ ಕಥೆಯೂ ಒಂದೇ. ಆಮೇಲೆ ಅವರು ಮೇಯರ್ ಆದರು, ಲಿಸ್ಬನ್ನಿನ ಸಂಸತ್ತಿಗೆ ಹೋದರು, ಕೊನೆಗೆ ಸಾರಿಗೆ ಖಾತೆಯ ಕಿರಿಯ ಮಂತ್ರಿಯೂ ಆದರು. ನಾನು ಗಟಾರದ ದಂಡೆಯಲ್ಲೇ ಉಳಿದೆ.

"ಸಂಸತ್ತಿನ ಟಿಕೆಟ್ಟು ಹೇಗೆ ಸಿಕ್ಕಿತು?" ಎಂದು ಕೇಳಿದೆ.

"ಕ್ಷೌರಕ್ಕೆ ಕೂತಿದ್ದೆ. ಮುಖದ ತುಂಬ ನೊರೆ. ಪಕ್ಷದವರು ಅಲ್ಲಿಗೇ ಬಂದು ನಿಲ್ಲುತ್ತೀರಾ ಎಂದು ಕೇಳಿದರು. ಬಾಯಿ ತೆರೆದರೆ ನೊರೆ ಒಳಗೆ ಹೋಗುತ್ತಿತ್ತು. ತಲೆ ಆಡಿಸಿದೆ, ಅಷ್ಟೆ."

ಅವರು ನಕ್ಕರು, ನಾನೂ ನಕ್ಕೆ. ಹೊಟ್ಟೆಯಲ್ಲಿ ಮಾತ್ರ ಬೆಂಕಿ ಬಿದ್ದಿತ್ತು. ನಾನು ಶಾಸಕರ ಮನೆಯ ಅಂಗಳದಲ್ಲಿ ಚಪ್ಪಲಿಗಳ ರಾಶಿಯ ಪಕ್ಕ ನಿಂತು ಕಾದವಳು. ಒಳಗಿನಿಂದ ಕಾಫಿ ಬಂದಿತ್ತು, ಟಿಕೆಟ್ಟು ಬಂದಿರಲಿಲ್ಲ.

ಆ ಬೆಂಕಿಗೆ ಬೀದಿಯವರೂ ತುಪ್ಪ ಸುರಿದರು. ನಾಯಿ ಹಿಡಿದು ಹೊರಟವರು ಅವರ ಮುಂದೆ ನಿಲ್ಲುತ್ತಿದ್ದರು. ಎದುರು ಮನೆಯ ಗುಜರಾತಿ ಅಜ್ಜ ಅವರಿಗಾಗಿಯೇ ವಾಕಿಂಗಿನ ಹೊತ್ತು ಬದಲಿಸಿಕೊಂಡ. ನಾನು ಕನ್ನಡದಲ್ಲಿ ಕರೆದರೆ "ವಾಟ್, ಅಜ್ಜಿ?" ಎನ್ನುವ ನನ್ನ ಮೊಮ್ಮಗಳು ಅವರಿಂದ ಪೋರ್ಚುಗೀಸಿನಲ್ಲಿ ಥ್ಯಾಂಕ್ಸ್ ಹೇಳಲು ಕಲಿತುಬಂದಳು. ಗಣೇಶನ ಹಬ್ಬಕ್ಕೆ ಮಗಳು ಅವರನ್ನೂ ಕರೆದಳು. ಬಂದವರಿಗೆಲ್ಲ, "ಇವರು ಅಲ್ಲಿ ಮಿನಿಸ್ಟರ್ ಆಗಿದ್ರು, ಗೊತ್ತಾ!" ಎಂದು ಹೆಮ್ಮೆಯಿಂದ ಹೇಳಿದಳು. ಡ್ಯಾನ್‌ವಿಲ್‌ನಿಂದ ಬಂದ ಉಡುಪಿಯ ದಂಪತಿ ಅವರ ಜೊತೆ ಫೋಟೋ ತೆಗೆಸಿಕೊಂಡರು. ನಾನು ಅಡುಗೆಮನೆಯಲ್ಲಿ ಕಡುಬು ಕರಿಯುತ್ತಿದ್ದೆ.

ಅವರು ಕಡುಬಿನ ತಟ್ಟೆ ಹಿಡಿದು ಅಲ್ಲಿಗೇ ಬಂದರು. "ಕೌನ್ಸಿಲರ್, ನಿಮ್ಮ ವಾರ್ಡಿನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತು?" ಎಂದು ಕೇಳಿದರು. ನನ್ನ ಮಗಳ ಸ್ನೇಹಿತರೆಲ್ಲ ತಿರುಗಿ ನೋಡಿದರು. ಅಮೆರಿಕದಲ್ಲಿ ನನ್ನನ್ನು ಆ ಹೆಸರಿನಿಂದ ಕರೆದವರು ಅವರೊಬ್ಬರೇ. ಆದರೆ ಸಂತೋಷವಾಗಲಿಲ್ಲ. ದೊಡ್ಡ ಹುದ್ದೆಯಲ್ಲಿದ್ದವರಿಗೆ ಇಂಥ ದೊಡ್ಡತನ ಎಷ್ಟು ಸಲೀಸು ಎಂದುಕೊಂಡು ಜಾಲರಿಯಿಂದ ಎಣ್ಣೆ ಬಸಿದೆ.

ಕಳೆದ ವರ್ಷ ಊರೊಳಗೆ ಮಧ್ಯಾಹ್ನ ಓಡುವ ಬಸ್ಸನ್ನು ನಿಲ್ಲಿಸುವ ಮಾತು ಬಂತು. ಬಸ್ಸು ಖಾಲಿ ಓಡುತ್ತಿದೆ ಎಂಬುದು ಸಿಟಿ ಕೌನ್ಸಿಲಿನ ವಾದ. ಲೈಬ್ರರಿಗೂ ಗ್ರೋಸರಿಗೂ ನಮ್ಮಂಥವರು ಹೋಗುತ್ತಿದ್ದುದು ಅದರಲ್ಲೇ. ಸಾರ್ವಜನಿಕರು ಬಂದು ಮಾತಾಡಬಹುದು ಎಂದು ಸ್ಟಾಪಿನಲ್ಲಿ ನೋಟಿಸು ಅಂಟಿಸಿದ್ದರು.

"ನೀವು ಮಾತಾಡಿ," ಎಂದೆ. "ಸಾರಿಗೆ ಮಂತ್ರಿ ಆಗಿದ್ದವರು. ನಿಮ್ಮ ಮಾತು ಕೇಳುತ್ತಾರೆ."

ಅವರು ನೋಟಿಸನ್ನು ಮತ್ತೊಮ್ಮೆ ಓದಿದರು. ಆಮೇಲೆ ಹೇಳಿದರು: "ನಾನು ಒಂದು ರೈಲು ನಿಲ್ಲಿಸಿದವನು. ನದಿಯ ಪಕ್ಕ ಓಡುವ ಸಣ್ಣ ರೈಲು. ಖಾಲಿ ಓಡುತ್ತದೆ ಎಂದು ಫೈಲಿನಲ್ಲಿತ್ತು. ಸಹಿ ಹಾಕಿದೆ. ಕೊನೆಯ ಸ್ಟೇಷನ್ನಿನ ಹತ್ತಿರ ನನ್ನ ಅಕ್ಕನ ಮನೆ. ಮುಂದಿನ ಕ್ರಿಸ್‌ಮಸ್ಸಿಗೆ ಸರ್ಕಾರಿ ಕಾರಿನಲ್ಲಿ ಹೋದೆ. ಅಕ್ಕ ಊಟ ಬಡಿಸಿದಳು, ಹಾಸಿಗೆ ಹಾಸಿಕೊಟ್ಟಳು, ಒಂದು ಮಾತೂ ಆಡಲಿಲ್ಲ. ಸಾಯುವವರೆಗೂ ಆಡಲಿಲ್ಲ."

"ಒಮ್ಮೆಯೂ ಬೈಯಲಿಲ್ಲವೇ?"

"ಬೈದಿದ್ದರೆ ಚೆನ್ನಾಗಿತ್ತು. ಸಹಿ ಹಾಕುವ ಮೊದಲೇ ಬಂದು ಬೈದಿದ್ದರೆ ಇನ್ನೂ ಚೆನ್ನಾಗಿತ್ತು. ಕೌನ್ಸಿಲರ್, ನೀವು ಹೋಗಿ ಬೈಯಿರಿ. ಆ ಹಕ್ಕು ನನಗಿಲ್ಲ."

ಆ ಮಾತು ಕೇಳಿದ ಮೇಲಾದರೂ ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಕಳೆದುಕೊಳ್ಳಲೂ ಇವರಿಗೆ ಒಂದು ಇಡೀ ರೈಲು ಇತ್ತಲ್ಲ ಎನಿಸಿತು.

ಮೀಟಿಂಗಿಗೆ ಮಗಳು ಕರೆದುಕೊಂಡು ಹೋದಳು. ಅವರೂ ಟೈ ಕಟ್ಟಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತರು. ನನ್ನ ಸರದಿ ಬಂತು. ಇಂಗ್ಲಿಷಿನಲ್ಲಿ ಶುರುಮಾಡಿ ಎರಡನೆಯ ವಾಕ್ಯಕ್ಕೇ ತಡವರಿಸಿದೆ. ಆಗ ಮಗಳು ಎದ್ದು ಬಂದು ಪಕ್ಕದಲ್ಲಿ ನಿಂತಳು. "ಅಮ್ಮಾ, ಕನ್ನಡದಾಗ ಹೇಳು. ನಾ ಹೇಳ್ತೀನಿ ಅವ್ರಿಗೆ," ಎಂದಳು. ವರ್ಷಗಳಿಂದ ಅವಳ ಬಾಯಲ್ಲಿ ನಮ್ಮ ಕಡೆಯ ಮಾತು ಕೇಳಿರಲಿಲ್ಲ.

"ಬಸ್ಸು ಖಾಲಿ ಹೊಂಟೈತಿ ಅಂತೀರಿ," ಎಂದೆ. "ಖಾಲಿ ಇಲ್ರಿ. ಅದರಾಗ ನಾವು ಅದೀವಿ. ಕಾರು ನಡಸಾಕ ಬರದವ್ರು, ಕಣ್ಣು ಮಂಜಾದವ್ರು. ಬಸ್ಸು ನಿಂತ್ರ ನಾವು ಕಿಡಕಿ ಹಂತೇಲೆ ಕುಂತು ಮಕ್ಕಳ ಕಾರಿನ ದಾರಿ ಕಾಯಬೇಕು. ಎಷ್ಟು ಮಂದಿ ಹತ್ತತಾರ ಅಂತ ನೋಡೀರಿ. ಯಾರು ಹತ್ತತಾರ ಅಂತ ಒಮ್ಮೆ ಬಂದು ನೋಡ್ರಿ."

ಮಗಳು ನನ್ನ ಒಂದೊಂದು ಮಾತನ್ನೂ ಆಗಾಗಲೇ ಇಂಗ್ಲಿಷಿಗೆ ತಿರುಗಿಸುತ್ತಾ ಹೋದಳು; ಶುರುವಿನಲ್ಲೇ ಒಂದು ವಾಕ್ಯ ತಾನೇ ಸೇರಿಸಿದ್ದಳು: ನನ್ನ ತಾಯಿ ನಮ್ಮೂರಿನಲ್ಲಿ ಜನ ಆರಿಸಿದ ಕೌನ್ಸಿಲರ್ ಆಗಿದ್ದವರು. ನಾನು ಮೈಕಿನ ಕಂಬ ಹಿಡಿದುಕೊಂಡೆ.

ಹೊರಗೆ ಬಂದಾಗ ಅವರು ಹೊಗಳುತ್ತಾರೆಂದು ಕಾದೆ. "ಕಣ್ಣು ಮಂಜಾದವರು ಅಂದಿರಲ್ಲ, ಅಲ್ಲಿ ಒಂದು ಗಳಿಗೆ ನಿಲ್ಲಬೇಕಿತ್ತು. ಅವರು ಕೇಳಲು ಶುರುಮಾಡಿದ್ದರು, ನೀವು ಮುಂದೆ ಓಡಿದಿರಿ," ಎಂದರು. ಕನ್ನಡದ ಒಂದಕ್ಷರ ತಿಳಿಯದಿದ್ದರೂ ಸಭೆಯ ಮುಖ ಓದಿದ್ದರು. ಅಷ್ಟರಲ್ಲಿ ಹೊರಬಂದ ಕೌನ್ಸಿಲಿನವರೊಬ್ಬರು ನನಗೆ ತಲೆಬಾಗಿ ನಮಸ್ಕರಿಸಿ, ನೇರ ಹೋಗಿ ಅವರೊಡನೆ ಹರಟೆಗೆ ನಿಂತರು. ನಾನು ಮಿಂಚಿದ ಒಂದು ಹೊತ್ತನ್ನೂ ಈ ಮನುಷ್ಯ ಹಂಚಿಕೊಂಡನಲ್ಲ ಎಂದು ಕಾರಿನಲ್ಲಿ ಹಲ್ಲು ಕಚ್ಚಿ ಕೂತೆ. ಕೊನೆಗೆ ಕೌನ್ಸಿಲ್ ಭಾನುವಾರದ ಬಸ್ಸನ್ನಷ್ಟೇ ನಿಲ್ಲಿಸಿತು, ಉಳಿದ ದಿನಗಳ ಬಸ್ಸು ಉಳಿಯಿತು.

ಈ ವಸಂತದಲ್ಲಿ ಅವರು ನಿದ್ದೆಯಲ್ಲೇ ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಪೋರ್ಚುಗೀಸರ ಇಗರ್ಜಿ ತುಂಬಿತ್ತು. ಅವರ ನಗರದ ಹೆಸರಿದ್ದ ರಿಬ್ಬನ್ನಿನ ಹೂಮಾಲೆ ಶವಪೆಟ್ಟಿಗೆಯ ಮೇಲಿತ್ತು. ಅಲ್ಲಿನ ನಗರಸಭೆಯ ಕಟ್ಟಡದ ಮೇಲೆ ಬಾವುಟ ಅರ್ಧಕ್ಕೆ ಇಳಿಸಿದ ವಿಡಿಯೋವನ್ನು ಡಾಕ್ಟರಮ್ಮ ನನಗೆ ತೋರಿಸಿ ಅತ್ತಳು. ನಾನೂ ಅತ್ತೆ. ಅಳುತ್ತಲೇ, ಹುಬ್ಬಳ್ಳಿಯಲ್ಲಿ ನನಗಾಗಿ ಯಾವ ಬಾವುಟ ಇಳಿದೀತು ಎಂದು ಯೋಚಿಸಿದೆ. ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ಆ ದಿನ ತಿಳಿಯಿತು.

"ಅಪ್ಪ ಮನೆಯಲ್ಲಿ ನಿಮ್ಮ ಬಗ್ಗೆಯೇ ಮಾತಾಡುತ್ತಿದ್ದರು," ಎಂದಳು ಡಾಕ್ಟರಮ್ಮ. "ಕೌನ್ಸಿಲರ್ ಅವರಲ್ಲಿ ಇನ್ನೂ ಸಿಟ್ಟು ಉಳಿದಿದೆ, ನನ್ನಲ್ಲಿ ಉಳಿದಿರುವುದು ಒಳ್ಳೆಯ ನಡತೆ ಮಾತ್ರ ಎನ್ನುತ್ತಿದ್ದರು. ನಿಮ್ಮನ್ನು ಕಂಡರೆ ಅವರಿಗೆ ಸ್ವಲ್ಪ ಅಸೂಯೆ ಇತ್ತು ಅನಿಸುತ್ತದೆ."

ನನಗೂ ನಿಮ್ಮ ಮೇಲೆ ಅಸೂಯೆ ಇತ್ತು ಎನ್ನಲು ಪೆಟ್ಟಿಗೆಯ ಕಡೆ ತಿರುಗಿದೆ. ಅದನ್ನು ಕೇಳಬೇಕಾದವರ ಸುತ್ತ ಮೇಣದ ಬತ್ತಿಗಳು ಉರಿಯುತ್ತಿದ್ದವು.