ಅವರ ಬೆನ್ನಿಗೆ ಒಗ್ಗಿದ್ದ ಸೀಟು

ಯಜಮಾನರಿಗೆ ಚಾಮರಾಜನಗರಕ್ಕೆ ವರ್ಗವಾದ ಮೇಲೆ ಕಾರು ನನ್ನ ಪಾಲಿಗೆ ಬಂತು. ಬಸವೇಶ್ವರನಗರದ ಮನೆಯಿಂದ ಕೆಂಗೇರಿಯ ಆಫೀಸಿಗೆ ದಿನಾ ಅದರಲ್ಲೇ ಹೋಗುತ್ತಿದ್ದೆ. ಡ್ರೈವರ್ ಸೀಟು ಅವರ ಭಾರಕ್ಕೆ ಕುಸಿದು ಅವರ ಬೆನ್ನಿಗೇ ಒಗ್ಗಿಹೋಗಿತ್ತು. ನಾನು ಕೂತರೆ ಹಳ್ಳದಲ್ಲಿ ಕೂತ ಹಾಗಾಗುತ್ತಿತ್ತು. ದಿಂಬು ಇಟ್ಟೆ, ಮುಲಾಮು ಹಚ್ಚಿದೆ, ಸೊಂಟನೋವು ಮಾತ್ರ ಹೋಗಲಿಲ್ಲ. ಆದರೂ ಸೀಟು ಬದಲಿಸಲು ಮನಸ್ಸು ಬರಲಿಲ್ಲ. ಒರಗಿದಾಗ ಅವರು ಜೊತೆಗಿದ್ದ ಹಾಗೆ ಅನಿಸುತ್ತಿತ್ತು.

ಕೊನೆಗೆ ನೋವು ತಡೆಯಲಾರದೆ ಕಾಮಾಕ್ಷಿಪಾಳ್ಯದ ಸೀಟಿನ ಅಂಗಡಿಗೆ ಹೋದೆ. ಹೊಸದನ್ನು ಕೂರಿಸಿದ ಮೇಲೆ ಅಂಗಡಿಯವರು, "ಮೇಡಂ, ಹಳೇದು ಇಲ್ಲೇ ಬಿಟ್ಟುಹೋಗ್ತೀರಾ?" ಅಂದರು. ನಾನು ಅದರ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟೆ.

"ಯಜಮಾನ್ರದಾ ಮೇಡಂ?" ಅಂದರು ಮೆಲ್ಲಗೆ.

"ಹೂಂ."

"ತೀರ್ಕೊಂಡು ಎಷ್ಟು ದಿನ ಆಯ್ತು?"

"ಅಯ್ಯೋ, ಇಲ್ಲಪ್ಪ. ಚಾಮರಾಜನಗರದಲ್ಲಿದಾರೆ."

ಅವರು ತಲೆತಗ್ಗಿಸಿ ಬಿಲ್ ಬರೆಯತೊಡಗಿದರು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಮುಂದಿನ ಸಲ ಯಜಮಾನರು ಮನೆಗೆ ಬಂದು ಹೊರಟಾಗ, ಕೆಂಗೇರಿ ರೈಲ್ವೆ ಸ್ಟೇಷನ್ನಿಗೆ ಕಾರಿನಲ್ಲೇ ಹೋಗೋಣ ಅಂದುಕೊಂಡೆವು. ಎಂದಿನಂತೆ ಅವರೇ ಸ್ಟೀರಿಂಗ್ ಹಿಂದೆ ಕೂತರು. ಹೊಸ ಸೀಟು ಎತ್ತರ, ತಲೆ ಚಾವಣಿಗೆ ತಾಗಿತು. "ಇದು ನಿಂಗೇ ಸರಿ ಕಣೇ" ಅಂತ ಇಳಿದು, ಎಡಗಡೆ ಬಂದು ಕೂತರು. ಮದುವೆಯಾದಾಗಿನಿಂದ ಅವರನ್ನು ಕೂರಿಸಿಕೊಂಡು ನಾನು ಓಡಿಸಿದ್ದು ಅದೇ ಮೊದಲು. ಸೊಂಟ ಒಂದು ಚೂರೂ ನೋಯಲಿಲ್ಲ. ದಿನಾ ಎಳೆದರೂ ಮುಗಿಯದ ಆ ದಾರಿ ಅವತ್ತು ಮಾತ್ರ ಬೇಗ ಮುಗಿದುಹೋಯಿತು.