ನೆಟ್ಟಗಾದ ಕಾಲು

ಚಿಕ್ಕಪ್ಪನ ಮಂಡಿ ಒಡೆದದ್ದು ಮೊದಲ ಮಹಾಯುದ್ಧ ಶುರುವಾದ ಮೇಲೆ ಎಂದು ಅಕ್ಕ ಹೇಳುತ್ತಿದ್ದಳು. ಅದು ಸರಿಯಿರಲಾರದು. ಅಕ್ಕನ ಮದುವೆ ಯುದ್ಧಕ್ಕೆ ಮುಂಚೆಯೇ ಆಗಿತ್ತು. ಆ ಚಪ್ಪರದಲ್ಲಿ ಚಿಕ್ಕಪ್ಪ ಒಂದು ಕಾಲನ್ನು ಕೋಲಿನಂತೆ ಚಾಚಿ ಕುಳಿತಿದ್ದುದು ನನಗೆ ನೆನಪಿದೆ. ಘಟನೆಯನ್ನು ಅದಕ್ಕೂ ಹಿಂದಕ್ಕೆ ಸರಿಸಬೇಕು. ವರ್ಷವನ್ನು ಖಚಿತವಾಗಿ ಹೇಳಲಾರೆ.

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದವನು ಅವನೇ. ಜಟಿಂಗ ರಾಮೇಶ್ವರ ಬೆಟ್ಟ ಇಳಿಯುವಾಗ ಬಂಡೆಯ ಮೇಲೆ ಜಾರಿದ. ಊರಿನಲ್ಲಿ ಕಟ್ಟು ಹಾಕಿಸಿ, ಕೀವಾದ ಮೇಲೆ ಗಾಡಿಯಲ್ಲಿ ಚಳ್ಳಕೆರೆಯ ದವಾಖಾನೆಗೆ ಒಯ್ದೆವು. ಕೈಕಾಲು ಊನವಾದವರಿಗೆ ಆ ಸುತ್ತಿನಲ್ಲಿ ಬೇರೆ ಆಸರೆ ಇರಲಿಲ್ಲ. ಡಾಕ್ಟರು ಕೀವು ತೆಗೆದು ಜಗಲಿಗೆ ಬಂದರು.

"ಅಜ್ಜೀ, ಕಾಲು ಉಳಿಯುತ್ತದೆ. ಮಂಡಿ ಮಾತ್ರ ಇನ್ನು ಆಡುವುದಿಲ್ಲ. ನೆಟ್ಟಗೆ ಕಟ್ಟಲೋ, ಬಗ್ಗಿಸಿ ಕಟ್ಟಲೋ? ಆಮೇಲೆ ಬದಲಾಯಿಸಲು ಬರುವುದಿಲ್ಲ."

"ಬಗ್ಗಿಸಿದ್ರೆ ಕುಂಟ್ತಾನೇನ್ರಿ?" ಅಜ್ಜಿ ಕೇಳಿದಳು.

"ಹೆಚ್ಚು ಕುಂಟುತ್ತಾನೆ."

"ನೆಟ್ಟಗೇ ಕಟ್ರಿ ಸ್ವಾಮಿ. ಹೆಣ್ಣು ಹುಡುಕ್ತಾ ಇದೀವಿ, ಕುಂಟನಿಗೆ ಯಾರು ಕೊಡ್ತಾರ್ರಿ?"

ಅಪ್ಪನೂ ತಲೆಯಾಡಿಸಿದ. ಹೇಳಬೇಕಾದವನು ಒಳಗೆ ಔಷಧಿಯ ಮಂಪರಿನಲ್ಲಿದ್ದ.

ನಮ್ಮದು ನೆಲದ ಗುಂಡಿಗೆ ಕಾಲಿಳಿಬಿಟ್ಟು, ಎರಡೂ ಪಾದಗಳಿಂದ ಹಲಗೆ ತುಳಿದು ನೇಯುವ ಮಗ್ಗ. ಅದರ ಪಕ್ಕದಲ್ಲೇ ಉಂಡು ಮಲಗುತ್ತಿದ್ದ ನಾವು ಯಾರೂ ಆ ಜಗಲಿಯಲ್ಲಿ ಗುಂಡಿಯನ್ನು ನೆನೆಯಲಿಲ್ಲ. ಕಟ್ಟು ಬಿಚ್ಚಿ ಮನೆಗೆ ಬಂದ ದಿನ ಚಿಕ್ಕಪ್ಪ ಮಗ್ಗದ ಅಂಚಿನಲ್ಲಿ ಕುಳಿತ. ಒಂದು ಕಾಲು ಇಳಿಯಿತು. ಇನ್ನೊಂದು ಎದುರಿಗೆ ಬಿಗಿದ ಹಾಸುನೂಲಿಗೆ ತಗುಲಿ ನಿಂತಿತು.

ಆದರೂ ಹೆಣ್ಣಿನ ಕಡೆಯವರು ಬಂದರು. ಅಜ್ಜಿ ಗುಂಡಿಯ ಮೇಲೆ ಚಾಪೆ ಹಾಸಿದ್ದಳು. ಚಿಕ್ಕಪ್ಪ ಅಂಗಳದಲ್ಲಿ ನಡೆದು ತೋರಿಸಿದ. ಹುಡುಗಿಯ ತಂದೆ ಮೆಚ್ಚಿದ. ನೇಯುವವರಲ್ಲಿ ವರನನ್ನು ಒಪ್ಪುವ ಮೊದಲು ಮಗ್ಗಕ್ಕೆ ಕೂರಿಸಿ ನೋಡುವುದು ವಾಡಿಕೆ.

"ನಡಿಗೆ ಆತು. ಕೂತ್ಕಳಪ್ಪ, ಒಂದು ಗೇಣು ನೇಯ್ದು ತೋರ್ಸು."

ಚಿಕ್ಕಪ್ಪ ನಕ್ಕ. "ಈ ಕಾಲು ನಮ್ಮವ್ವನ ಮಾತು ಕೇಳೈತ್ರಿ, ನನ್ನ ಮಾತು ಕೇಳಲ್ಲ."

ಬಂದವರು ಊಟಕ್ಕೆ ನಿಲ್ಲಲಿಲ್ಲ. ಅವರ ಗಾಡಿ ತಿರುಗಿದ ಮೇಲೆ ಅಜ್ಜಿ ಅಪ್ಪನಿಗೆ ಬೈದಳು: "ನೀನಾದ್ರೂ ದವಾಖಾನೇಲಿ ಗುಂಡಿ ವಿಷ್ಯ ಹೇಳಬಾರ್ದಿತ್ತೇನೋ?"

"ಅವನ್ಯಾಕೆ ಹೇಳ್ಬೇಕವ್ವ?" ಎಂದ ಚಿಕ್ಕಪ್ಪ. "ನಾನು ಏಳೋವರ್ಗೆ ಕಾಯ್ಬೇಕಿತ್ತು. ಕುಂಟಿಕೊಂಡೇ ಬಂದು ಮಗ್ಗಕ್ಕೆ ಕೂರ್ತಿದ್ದೆ."

ಅಜ್ಜಿ ಗುಂಡಿಯ ಮೇಲಿನ ಚಾಪೆಯನ್ನು ಸುತ್ತಿಟ್ಟು, ಆ ವಯಸ್ಸಿನಲ್ಲಿ, ನೇಯಲು ತಾನೇ ಅದರೊಳಗೆ ಕಾಲಿಳಿಸಿದಳು.