ಸಾವ್ಕಾರರು ಒಪ್ಪಿಸಿದ ಮೊಬೈಲ್

ನಮ್ಮ ಸಾವ್ಕಾರರ ಬಲಗೈ ಹೆಬ್ಬೆರಳಿನ ಉಗುರು ವಾರ್ನಿಷ್ ಕುಡಿದು ಕುಡಿದು ಕಪ್ಪಾಗಿತ್ತು. ಸುಟ್ಟ ಮೋಟಾರುಗಳಿಗೆ ವರ್ಷಗಟ್ಟಲೆ ತಂತಿ ಸುತ್ತಿದ ಕೈ ಅದು. ಅದೇ ಕೈಯಲ್ಲಿ ಕಂಪ್ಯೂಟರಿನ ಮೌಸನ್ನು ಗುಬ್ಬಿಮರಿ ಹಿಡಿದಷ್ಟು ಮೆತ್ತಗೆ ಹಿಡಿದು, "ಒತ್ತಿದ್ರ ಏನರ ಆಗ್ತದೇನವ್ವಾ?" ಎಂದು ನನ್ನನ್ನು ಕೇಳುತ್ತಿದ್ದರು.

ತೊಂಬತ್ತರ ದಶಕದಲ್ಲಿ ಹುಮನಾಬಾದಿನಲ್ಲಿ ಮೋಟಾರು ರಿಪೇರಿಗೆ ಕುಳಿತವರು, ಆಮೇಲೆ ಬಸವಕಲ್ಯಾಣದಲ್ಲೂ ಒಂದು ಮಳಿಗೆ ಹಿಡಿದರು. ಐದಾರು ಮೆಕ್ಯಾನಿಕರನ್ನು ಕಟ್ಟಿಕೊಂಡು ಹಳ್ಳಿಗಳಿಗೇ ಹೋಗಿ ಪಂಪ್‌ಸೆಟ್ ದುರಸ್ತಿ ಮಾಡಿಸತೊಡಗಿದರು. ಯಾರಾದರೂ ಅಂಗಡಿ ಎಂದರೆ, "ಅಂಗಡಿ ಅಲ್ಲರಿ, ಕಂಪನಿ" ಎಂದು ತಿದ್ದುತ್ತಿದ್ದರು.

ಕಂಪ್ಯೂಟರ್ ಕೋರ್ಸ್ ಮುಗಿಸಿ ರಾಜೇಶ್ವರದಿಂದ ಕೆಲಸ ಕೇಳಿಕೊಂಡು ಬಂದ ನನಗೆ ಅವರು ಕೇಳಿದ್ದು ಒಂದೇ ಮಾತು.

"ಗಂಡಸರಿಗಿ ಕೆಲಸ ಹೇಳ್ಲಿಕ್ಕ ಅಂಜಿಕಿ ಬರ್ತದೇನು?"

"ಬರ್ತದ್ರಿ."

ಅವರು ನಕ್ಕರು. "ಖರೇ ಹೇಳ್ದಿ. ನಾಳಿಂದ ಬಾ."

ಅಲ್ಲಿಯವರೆಗೆ ಮೆಕ್ಯಾನಿಕರೆಲ್ಲ ಬೆಳಿಗ್ಗೆ ಮಳಿಗೆಯ ಮುಂದೆ ಚಹಾ ಕುಡಿಯುತ್ತ, ಯಾರು ಯಾವ ಊರಿಗೆ ಎಂದು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದರು. ಕಂಪ್ಯೂಟರ್ ಬಂತು, ಹಿಂದೆಯೇ ಎಲ್ಲರ ಜೇಬಿಗೂ ಮೊಬೈಲ್ ಬಂತು. ನಾನು ಊರುಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದೆ. ಅವರು ಮನೆಯಿಂದಲೇ ನೇರ ಹೋಗುತ್ತಿದ್ದರು. ಕೆಲಸ ಬೇಗ ಬೇಗ ಆಗತೊಡಗಿತು. ಚಹಾದ ಕೂಟ ತಾನಾಗಿಯೇ ನಿಂತುಹೋಯಿತು. ಆದರೆ ಹಳೆಯ ಗಿರಾಕಿಗಳು ಮಾತ್ರ ಸಾವ್ಕಾರರ ಮೊಬೈಲಿಗೇ ಫೋನ್ ಮಾಡುತ್ತಿದ್ದರು. ಸಾವ್ಕಾರರೂ ಮುಲಾಜಿಗೆ ಬಿದ್ದು, ನನಗೆ ತಿಳಿಸದೆ ಯಾರನ್ನಾದರೂ ಕಳಿಸಿಬಿಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ನಾನು ನಮ್ಮ ಹಿರಿಯ ಮೆಕ್ಯಾನಿಕರನ್ನು ದುಬಲಗುಂಡಿಗೆ ಕಳಿಸಿದ್ದೆ. ಅವರು ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಕಿತ್ತಿಟ್ಟು ಕರೆಂಟು ನಿಲ್ಲಿಸಿ, ದೂರದ ಬಾವಿಯ ಹತ್ತಿರ ಸ್ಟಾರ್ಟರ್ ಬಿಚ್ಚುತ್ತ ಕುಳಿತಿದ್ದರು. ಅದೇ ಲೈನಿನ ಪಕ್ಕದ ಹೊಲದವರು ತಮ್ಮ ಮೋಟಾರು ನಿಂತಿದೆಯೆಂದು ಫೋನ್ ಮಾಡಿದ್ದಕ್ಕೆ ಸಾವ್ಕಾರರು ಅಲ್ಲಿಗೇ ಇನ್ನೊಬ್ಬನನ್ನು ಅಟ್ಟಿದ್ದರು. ಅವನು ಫ್ಯೂಸ್ ಇಲ್ಲದ್ದು ಕಂಡು, ಮೋಟಾರು ನಿಂತದ್ದು ಇದಕ್ಕೇ ಎಂದುಕೊಂಡು, ಹಾಕಿಬಿಟ್ಟ.

ಹಿರಿಯರ ಜೀವ ಉಳಿಯಿತು. ಬಲಗೈ ಮೊಣಕೈವರೆಗೆ ಸುಟ್ಟಿತ್ತು.

ಆಸ್ಪತ್ರೆಯಿಂದ ಬಂದವರೇ ಮೆಕ್ಯಾನಿಕರು ನನ್ನ ಮೇಜಿನ ಸುತ್ತ ನಿಂತರು. "ಹುಡುಗಿ ಕೈಯಾಗ ಕಂಪನಿ ಕೊಟ್ರ ಮತ್ತೇನಾಗ್ತದ?" ಎಂದು ಕೂಗಾಡಿದ ಒಬ್ಬ. ನಾನು ಬ್ಯಾಗು ತೆಗೆದುಕೊಂಡು ಎದ್ದೆ.

ಸಾವ್ಕಾರರು ಬಾಗಿಲಲ್ಲಿ ನಿಂತಿದ್ದರು. "ಕುಂದರವ್ವಾ" ಎಂದರು. ಆಮೇಲೆ ಮೆಕ್ಯಾನಿಕರ ಕಡೆ ತಿರುಗಿದರು.

"ಆಕಿದೇನೂ ತಪ್ಪಿಲ್ಲ. ಕಂಪ್ಯೂಟರಿಂದೂ ಇಲ್ಲ. ಆಕಿಗಿ ಕೇಳ್ಲಾರ್ದ ಎರಡನೇ ಮನಶ್ಯಾನ್ನ ಕಳಸಿದಾಂವ ನಾನು. ಆ ಕೈ ನಾ ಸುಟ್ಟೀನಿ."

ಅವರು ಜೇಬಿನಿಂದ ತಮ್ಮ ಮೊಬೈಲ್ ತೆಗೆದು ನನ್ನ ಮುಂದಿಟ್ಟರು. "ಇದೂ ನಿನ್ನ ಹಂತ್ಯಾಕೇ ಇರ್ಲಿ. ಕೆಲಸ ಹೇಳಾವ್ರು ಇಬ್ಬರು ಇರಬಾರ್ದು."

ಗಿರಾಕಿಗಳು ಮುನಿಸಿಕೊಂಡರು. "ಸಾವ್ಕಾರ ಸಿಗಂಗೇ ಇಲ್ಲಲ್ಲ" ಎಂದು ಕೆಲವರು ಬಿಟ್ಟೂ ಹೋದರು. ಆದರೂ ಸಾವ್ಕಾರರು ಮೊಬೈಲ್ ವಾಪಸು ಕೇಳಲಿಲ್ಲ. ಮರುವಾರದಿಂದ ಬೆಳಗಿನ ಚಹಾ ಮತ್ತೆ ಶುರುವಾಯಿತು. ನನಗೂ ಅಲ್ಲೇ ಒಂದು ಕುರ್ಚಿ ಹಾಕಿಸಿದರು. ಒಂದೇ ಕಡೆ ಹೋಗುವವರು ಎದುರುಬದುರು ಮಾತಾಡಿಕೊಂಡೇ ಹೊರಡಬೇಕೆಂದು ಕಟ್ಟುಮಾಡಿದರು. ಕೈ ಸುಟ್ಟುಕೊಂಡ ಹಿರಿಯರನ್ನು ಬಸವಕಲ್ಯಾಣದ ಮಳಿಗೆ ನೋಡಿಕೊಳ್ಳಲು ಕೂಡಿಸಿದರು. ಪ್ರತಿ ವಾರ ಅವರ ಮನೆಗೆ ಹೋಗಿಬರುತ್ತಿದ್ದರು. ಅಲ್ಲಿ ಏನು ಮಾತಾಡುತ್ತಿದ್ದರೋ, ಎಂದೂ ಹೇಳಲಿಲ್ಲ.

ಕೆಲವು ವರ್ಷಗಳ ನಂತರ ಸಾವ್ಕಾರರು ಎದೆನೋವಿನಿಂದ ತೀರಿಕೊಂಡರು. ಮಣ್ಣು ಮುಗಿಸಿ ಬಂದ ಮೆಕ್ಯಾನಿಕರು ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಕಂಪನಿ ಇರುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅಂದು ನನ್ನ ಮೇಜಿನ ಮುಂದೆ ಕೂಗಾಡಿದವನೇ ಎದ್ದು ನನ್ನ ಹತ್ತಿರ ಬಂದ. ಅತ್ತು ಅತ್ತು ಅವನ ದನಿ ಒಡೆದಿತ್ತು.

"ನಾಳಿ ಯಾ ಊರಿಗಿ ಹೋಗ್ಬೇಕ್ರಿ, ಅಕ್ಕೋರ?"